ಹೊಸೂರು ರಸ್ತೆಯ ಆ ಆಸ್ಪತ್ರೆ

'ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು ಕಣಯ್ಯಾ' ಎಂದು ಇಲ್ಲಿ ದುಖಾನ್‌ನ ನಮ್ಮ ಕೂಟಗಳಲ್ಲೂ ಚೇಷ್ಟೆ ಮಾಡುವುದುಂಟು. ನಾನೂ ಮಾಡಿದ್ದೇನೆ. ಆದರೆ ಬಂಧುಗಳೇ, ಅದು ಬರೀ ಆಸ್ಪತ್ರೆಯಲ್ಲ. ಮನಸ್ಸಿನ ಕಾಯಿಲೆ ಏಕೆ ಬರುತ್ತದೆಂದು ಹುಡುಕುವವರನ್ನು ತಯಾರು ಮಾಡಿದ ವಿದ್ಯಾಸಂಸ್ಥೆಯೂ ಹೌದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ಇದ್ದದ್ದು ಹುಚ್ಚಾಸ್ಪತ್ರೆ. 1925ರಲ್ಲಿ ಅದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎನಿಸಿಕೊಂಡಿತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು; ಡಾ. ಎಂ.ವಿ. ಗೋವಿಂದಸ್ವಾಮಿಯವರು ಮೊದಲ ನಿರ್ದೇಶಕರು. ಮರುವರ್ಷವೇ ಸ್ನಾತಕೋತ್ತರ ತರಗತಿಗಳು ಆರಂಭವಾದವು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಹಿಂದಿನ ಹುಚ್ಚಾಸ್ಪತ್ರೆಗಳಲ್ಲಿ ತುಂಬಿರುತ್ತಿದ್ದ ಒಂದು ಬಗೆಯ ರೋಗಕ್ಕೆ ಕಾರಣ 1913ರಲ್ಲೇ ಖಚಿತವಾಗಿತ್ತು: ರೋಗಿಗಳ ಮಿದುಳಿನಲ್ಲಿ ಸಿಫಿಲಿಸ್ ರೋಗಾಣು ಸಿಕ್ಕಿತ್ತು. ಆಮೇಲೆ ಪೆನ್ಸಿಲಿನ್ ಬಂದು ಆ ರೋಗವೇ ಅಪರೂಪವಾಯಿತು. ಸ್ಕಿಜೋಫ್ರೇನಿಯಾಕ್ಕೂ ಹಾಗೊಂದು ಕಾರಣ ಸಿಕ್ಕೀತೆಂಬ ಆಸೆ ಎಲ್ಲರಿಗೂ ಇತ್ತು. ಸಿಗಲಿಲ್ಲ. ಬದಲಿಗೆ 1948ರ ಸುಮಾರಿಗೆ ಅಮೆರಿಕದಲ್ಲಿ ಕೆಲವರು ಹೆತ್ತ ತಾಯಿಯ ನಡವಳಿಕೆಯೇ ಕಾರಣ ಎಂದುಬಿಟ್ಟರು! ಎಷ್ಟು ತಾಯಂದಿರು ಆ ಮಾತಿನಿಂದ ನೊಂದರೋ. ಮುಂದಿನ ಸಂಶೋಧನೆಯಲ್ಲಿ ಆ ವಾದ ನಿಲ್ಲಲಿಲ್ಲ. ವಂಶದ ಪಾತ್ರ ದೊಡ್ಡದೇ, ಆದರೆ ಅದೊಂದೇ ಅಲ್ಲ: ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೂ ಇನ್ನೊಬ್ಬರು ಎಷ್ಟೋ ಸಲ ಚೆನ್ನಾಗಿಯೇ ಇರುತ್ತಾರೆ.

ಆದ್ದರಿಂದ ಸಂಶೋಧಕರು ಮನೆತನದ ವಂಶವೃಕ್ಷ ಬರೆಯುತ್ತಾರೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು. 2016ರಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಇತರ ಸಂಶೋಧನಾ ಸಂಸ್ಥೆಗಳೊಡನೆ ಸೇರಿ, ಒಬ್ಬರಿಗಿಂತ ಹೆಚ್ಚು ಜನರಿಗೆ ಇಂಥ ಕಾಯಿಲೆ ಇರುವ ಕುಟುಂಬಗಳ ಅಧ್ಯಯನ ಆರಂಭಿಸಿತು. ಅವರು ಕೊಟ್ಟ ರಕ್ತದ ಕಣಗಳನ್ನು ಆಕರಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ನರಕೋಶ ಬೆಳೆಸಿ, ಕಾಯಿಲೆ ಇಲ್ಲದ ಸಂಬಂಧಿಕರ ಕೋಶಗಳೊಡನೆ ಹೋಲಿಸುತ್ತಾರೆ. ಜೀವಂತ ಮನುಷ್ಯನ ಮಿದುಳನ್ನು ತೆರೆದು ನೋಡಲು ಆಗುವುದಿಲ್ಲವಲ್ಲ!

ಇಷ್ಟೆಲ್ಲ ನಡೆಯಬೇಕಾದರೆ ಮನೆಯವರು ನಿಜ ಹೇಳಬೇಕು. ನನ್ನ ಮದುವೆಯ ಮಾತುಕತೆಯಲ್ಲಿ ಚಿಕ್ಕಪ್ಪನ ಬಗ್ಗೆ ಕೇಳಿದವರಿಗೆ 'ಕಾಶಿಗೆ ಹೋಗಿದ್ದಾನೆ' ಎಂದಿದ್ದರು. ಅವರು ಹಿತ್ತಲ ಕೋಣೆಯಲ್ಲೇ ಇದ್ದರು. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಮ್ಮನೊಡನೆ ಕೂತು ನಮ್ಮ ವಂಶವೃಕ್ಷ ಬರೆದೆ. ಚಿಕ್ಕಪ್ಪನ ಚೌಕಕ್ಕೆ ಅಮ್ಮನೇ ಪೆನ್ಸಿಲಿನಿಂದ ಕಪ್ಪು ತುಂಬಿದರು. ಆಮೇಲೆ, ಕೇಳದೆಯೇ, ಅಜ್ಜಿಯ ತಂಗಿಯ ವೃತ್ತಕ್ಕೂ ತುಂಬಿದರು.