ಸೂಲಗಿತ್ತಿ, ನರ್ಸಮ್ಮ ಮತ್ತು ಒಂದು ಸೆಮಿನಾರ್

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಚಿಕ್ಕಮ್ಮನ ಮಗಳು ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೇರಿಸಿಕೊಂಡು ಸಂಪಿಗೆ ರಸ್ತೆ ಪಕ್ಕದ ನಮ್ಮ ಮನೆಗೆ ಬಂದಳು. ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಮನೆಯವರಿಗೆಲ್ಲ ಅವಳು ಪುಟ್ಟಿ. "ಅಣ್ಣಾ, ಹೆರಿಗೆ ಶುಶ್ರೂಷೆ ಬಗ್ಗೆ ಸೆಮಿನಾರ್ ಕೊಡ್ಬೇಕು. ಟಾಪಿಕ್ ನಾವೇ ಆರಿಸ್ಕೋಬೇಕಂತೆ. ಕ್ಲಾಸಲ್ಲಿ ಒಬ್ರೂ ನಿದ್ದೆ ಮಾಡ್ಬಾರ್ದು, ಅಂಥದ್ದೊಂದು ಹೇಳು" ಅಂದಳು. ದಿನಬೆಳಗಾದರೆ ಕೋಡ್ ಕುಟ್ಟುವ ನನಗೆ ಗೊತ್ತಿರುವ ಡೆಲಿವರಿ ಅಂದ್ರೆ ಕ್ಲೈಂಟಿಗೆ ಕೊಡೋದು ಮಾತ್ರ :-)

ಅವಳ ಹತ್ತಿರ ಒಂದು ಪಟ್ಟಿ ಇತ್ತು. ಹೆರಿಗೆ ನಂತರದ ರಕ್ತಸ್ರಾವ, ಗರ್ಭಿಣಿಯರ ಬಿಪಿ, ರಕ್ತಹೀನತೆ, ಪಾರ್ಟೋಗ್ರಾಫ್, ಕಾಂಗರೂ ಮದರ್ ಕೇರ್. ಎಲ್ಲವೂ ಜೀವ ಉಳಿಸುವ ವಿಷಯಗಳೇ. ಆದರೆ ಪ್ರತಿ ವರ್ಷ ಅವೇ ಸ್ಲೈಡುಗಳು, ಹೆಸರು ಮಾತ್ರ ಬೇರೆ. "ಪಟ್ಟಿ ಬಿಡು. ವಾರ್ಡಿನಲ್ಲಿ ನಿನ್ನ ತಲೆ ಕೆಡಿಸಿದ್ದು ಏನಾದ್ರೂ ಇದೆಯಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ರಾತ್ರಿ ಪಾಳಿಯಲ್ಲಿ ಚೊಚ್ಚಲ ಹೆರಿಗೆಗೆ ಒಂದು ಹುಡುಗಿ ಬಂದಿದ್ದಳಂತೆ. ಹೆಚ್ಚುಕಮ್ಮಿ ಪುಟ್ಟಿಯದೇ ವಯಸ್ಸು. ಆ ಹುಡುಗಿಯ ತಾಯಿಯನ್ನು ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ಅವಳು ಇವಳ ಕೈ ಹಿಡಿದುಕೊಂಡು "ಬಿಡ್ಬೇಡಿ ಸಿಸ್ಟರ್" ಅಂದಳಂತೆ. ಇವಳು ಬಿಡಲಿಲ್ಲ. ಎರಡು ಗಂಟೆ ಆದಮೇಲೆ ಹಿರಿಯರೊಬ್ಬರು ಬಂದು, "ಕೈ ಹಿಡ್ಕೊಂಡು ಕೂರೋದು ನಿನ್ನ ಕೆಲ್ಸ ಅಲ್ಲ, ಬೇರೆ ಬೆಡ್ಡುಗಳೂ ಇವೆ" ಅಂತ ಬೈದರಂತೆ.

"ಅವ್ರು ಕೆಟ್ಟೋರಲ್ಲ ಅಣ್ಣಾ. ಆ ರಾತ್ರಿ ಅಷ್ಟೂ ಹೆರಿಗೆಗೆ ಇದ್ದಿದ್ದು ಇಬ್ರೇ ಸ್ಟಾಫ್. ಆದ್ರೆ ನನ್ನ ಕೆಲ್ಸ ಅಲ್ಲ ಅಂದ್ರೆ ಅದು ಯಾರ ಕೆಲ್ಸ?"

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಜ್ಜಿ ತಲೆ ಎತ್ತದೇ ಅಂದರು: "ಅದು ಸೂಲಗಿತ್ತಿ ಕೆಲ್ಸ ಕಣೇ."

ಟಾಪಿಕ್ ಸಿಕ್ಕಿತು ಅನ್ನಿಸಿತು. ಆವತ್ತಿನಿಂದ ನಾಲ್ಕು ದಿನ ಆಫೀಸಿಂದ ಬಂದು ಇಬ್ಬರೂ ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸೂಲು ಅಂದರೆ ಹೆರಿಗೆ. ಚೊಚ್ಚಲ ಸೂಲು, ಎರಡನೇ ಸೂಲು ಅಂತ ಹಸುವಿಗೂ ಹೇಳುತ್ತೇವೆ. ಸೂಲು ಮಾಡಿಸುವವಳು ಸೂಲಗಿತ್ತಿ. ಬಹಳ ಊರುಗಳಲ್ಲಿ ಈಕೆ ಬಡವಳು, 'ಕೆಳಜಾತಿ' ಅನ್ನಿಸಿಕೊಂಡವಳು. ಪುರುಡಿನ ದಿನಗಳಲ್ಲಿ ಮನೆಯ ಒಳಕೋಣೆಗೆ ಬೇಕಾದವಳು, ಪುರುಡು ಕಳೆದ ಮೇಲೆ ಮತ್ತೆ ಜಗಲಿಯಾಚೆ ನಿಲ್ಲಬೇಕಾದವಳು. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಇಂಥವರ ಹೆಸರು ಎಲ್ಲೂ ಇಲ್ಲ.

ಒಬ್ಬರ ಹೆಸರು ಮಾತ್ರ ಉಳಿದಿದೆ. ಸೂಲಗಿತ್ತಿ ನರಸಮ್ಮ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು, 1920ರಲ್ಲಿ ಹುಟ್ಟಿದವರು. ಶಾಲೆ ಕಂಡವರಲ್ಲ, ಕೂಲಿ ಮಾಡಿ ಬದುಕಿದವರು. ಅಜ್ಜಿಯಿಂದ ಕಲಿತ ವಿದ್ಯೆ. 1940ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಸಂಬಂಧಿಕರೊಬ್ಬರ ಹೆರಿಗೆ ಮಾಡಿಸಿ ಶುರುಮಾಡಿದರು. ಆಮೇಲೆ ಸುಮಾರು ಎಪ್ಪತ್ತು ವರ್ಷ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳು, ಎಲ್ಲವೂ ಉಚಿತ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಇಷ್ಟು ಓದಿ ನಾನು ಭಾವುಕನಾಗಿ, "ಹಳೇ ಕಾಲವೇ ಚೆನ್ನಾಗಿತ್ತು ಅಲ್ವಾ ಅಜ್ಜೀ?" ಅಂದುಬಿಟ್ಟೆ. ಅಜ್ಜಿ ಸುಲಿಯುವುದನ್ನು ನಿಲ್ಲಿಸಿದರು. "ನಮ್ಮಮ್ಮ ಹೋಗಿದ್ದು ಬಾಣಂತಿ ಸನ್ನೀಲಿ ಕಣೋ. ನನಗಾಗ ಆರು ವರ್ಷ. ತಮ್ಮ ಹುಟ್ಟಿ ಐದನೇ ದಿನ ಜ್ವರ ಬಂತು, ಒಂಬತ್ತನೇ ದಿನಕ್ಕೆ ಮುಗೀತು. ಸೂಲಗಿತ್ತಿ ಒಳ್ಳೇವ್ಳೇ. ಪಾಪ, ಗೋಡೆಗೊರಗಿ ಅತ್ಲು. ಅವ್ಳಿಗೇನು ಗೊತ್ತು?"

ಈ ಕಥೆಯನ್ನು ನಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ.

ಅವಳಿಗೇನು ಗೊತ್ತು ಅನ್ನುವ ಪ್ರಶ್ನೆ ಸೂಲಗಿತ್ತಿಗಷ್ಟೇ ಅಲ್ಲ, ದೊಡ್ಡ ದೊಡ್ಡ ಡಾಕ್ಟರುಗಳಿಗೂ ಸಲ್ಲುತ್ತದೆ. 1840ರ ದಶಕದ ವಿಯೆನ್ನಾ ನೋಡಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಗೊತ್ತಿಲ್ಲದೇ ನಡೆದ ಎ/ಬಿ ಟೆಸ್ಟ್! 1846ರಲ್ಲಿ ಡಾಕ್ಟರುಗಳ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ಮೂರಕ್ಕಿಂತ ಕಡಿಮೆ. ಮೊದಲನೆಯದಕ್ಕೆ ಹಾಕಬೇಡಿ ಅಂತ ಗರ್ಭಿಣಿಯರು ಕಾಲಿಗೆ ಬೀಳುತ್ತಿದ್ದರಂತೆ. ಕಾರಣ ಹಿಡಿದವನು ಇಗ್ನಾಸ್ ಸೆಮ್ಮೆಲ್‌ವೈಸ್. ಹೆಣ ಕೊಯ್ದ ಕೈಯಲ್ಲೇ ವಿದ್ಯಾರ್ಥಿಗಳು ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ ಆತ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಆದರೂ ಅವನ ಮಾತನ್ನು ಬಹಳ ಡಾಕ್ಟರುಗಳು ನಂಬಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ.

ನರ್ಸಿಂಗ್ ಹುಡುಗಿಯರು ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್‌ಳನ್ನು ಬಲ್ಲರು. ಆಕೆ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗೆ ವ್ಯವಸ್ಥೆ ಮಾಡಿದ್ದಳು ಅನ್ನುವುದು ಪುಟ್ಟಿಗೂ ಗೊತ್ತಿರಲಿಲ್ಲ. ಇದೇ ಬಾಣಂತಿ ಜ್ವರದಿಂದಾಗಿ 1867ರಲ್ಲಿ ಅದನ್ನು ಮುಚ್ಚಬೇಕಾಯಿತು. ನೈಟಿಂಗೇಲ್ ಅಂಕಿಅಂಶ ಕಲೆಹಾಕಿ 1871ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಮನೆಯಲ್ಲಿ ಹೆತ್ತವರಿಗಿಂತ ಹೆರಿಗೆ ಆಸ್ಪತ್ರೆಯಲ್ಲಿ ಹೆತ್ತವರೇ ಹೆಚ್ಚು ಸಾಯುತ್ತಿದ್ದಾರೆ ಅನ್ನುವುದು ಅದರ ಸಾರ. ಸೋತದ್ದನ್ನು ಮುಚ್ಚಿಡದೇ ಲೆಕ್ಕ ಕೊಟ್ಟಳಲ್ಲ, ನನಗೆ ಅದು ದೀಪಕ್ಕಿಂತ ದೊಡ್ಡದು ಅನ್ನಿಸಿತು.

ಅಂದರೆ ಆಸ್ಪತ್ರೆ ಸುರಕ್ಷಿತವಾದದ್ದು ಕಟ್ಟಡದಿಂದಲ್ಲ. ಶುದ್ಧ ಕೈ, ಔಷಧ, ರಕ್ತ, ತರಬೇತಾದ ನರ್ಸ್ ಇವೆಲ್ಲ ಸೇರಿದ ಮೇಲೆ. ನಮ್ಮಲ್ಲಿ ಇನ್ನೊಂದು ತೊಡಕೂ ಇತ್ತು. ಗಂಡಸು ಡಾಕ್ಟರ ಹತ್ತಿರ ಹೆಂಗಸರು ಹೋಗುತ್ತಿರಲಿಲ್ಲ. 1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿದ್ದು ಹೆಂಗಸರಿಗೆ ಹೆಂಗಸರೇ ಚಿಕಿತ್ಸೆ ಕೊಡುವಂತಾಗಲಿ ಅಂತಲೇ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಶುರುವಾಯಿತು. ಅದರ ಪಕ್ಕದಲ್ಲೇ 1935ರಲ್ಲಿ ಹೆಂಗಸರು ಮಕ್ಕಳಿಗೆಂದೇ ವಾಣಿವಿಲಾಸ ಆಸ್ಪತ್ರೆ ಬಂತು. ಮಗ ಚಿಕ್ಕವನಿದ್ದಾಗ 1895ರಿಂದ 1902ರವರೆಗೆ ಮೈಸೂರನ್ನಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರೇ ಆ 'ವಾಣಿವಿಲಾಸ ಸನ್ನಿಧಾನ'.

ಫಲ ಕಣ್ಣೆದುರಿಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರಲ್ಲಿ 228 ಇತ್ತು, 2018-20ಕ್ಕೆ 69ಕ್ಕೆ ಇಳಿದಿತ್ತು. ಅಜ್ಜಿಯ ಅಮ್ಮ ಇವತ್ತಾಗಿದ್ದರೆ ಬದುಕುತ್ತಿದ್ದರು. ಹಳೇ ಕಾಲವನ್ನು ಹೊಗಳುವ ಮೊದಲು ಇದು ನೆನಪಿರಬೇಕು.

ಆದರೆ ಅಜ್ಜಿ ಇನ್ನೊಂದು ಮಾತು ಹೇಳಿದರು. ಅವರ ಮೊದಲ ಹೆರಿಗೆ ಊರಿನಲ್ಲಿ, ಸೂಲಗಿತ್ತಿ ಕೈಯಲ್ಲಿ. ಕೊನೆಯದು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. "ಆಸ್ಪತ್ರೇಲಿ ಭಯ ಇರ್ಲಿಲ್ಲ, ಉಳೀತೀನಿ ಅಂತ ಗೊತ್ತಿತ್ತು. ಆದ್ರೆ ರಾತ್ರಿಯೆಲ್ಲ ಒಬ್ಳೇ. ಊರಲ್ಲಿ ಭಯ ಇತ್ತು, ಆದ್ರೆ ಸೂಲಗಿತ್ತಿ ಬೆನ್ನು ನೀವ್ತಾ ಕೂತಿದ್ಲು."

ಮನೆಯಿಂದ ಆಸ್ಪತ್ರೆಗೆ ಹೆರಿಗೆಯನ್ನು ಸಾಗಿಸುವಾಗ ನಾವು ಕೊಳಕು ಕುಡುಗೋಲನ್ನು ಬಿಟ್ಟುಬಂದೆವು, ಒಳ್ಳೆಯದೇ ಆಯಿತು. ಅದರ ಜೊತೆಗೇ ಬೆನ್ನು ನೀವುವ ಕೈಯನ್ನೂ ಬಿಟ್ಟುಬಂದೆವು. ಹಳೇ ಸಾಫ್ಟ್‌ವೇರಿನಿಂದ ಹೊಸದಕ್ಕೆ ಹೋಗುವಾಗ ಎಲ್ಲೂ ಬರೆದಿಡದ ಒಂದು ಉಪಯುಕ್ತ ಫೀಚರ್ ಕಳೆದುಹೋಗುತ್ತದಲ್ಲ, ಹಾಗೆ.

ಆ ಕೈಯಿಂದ ನಿಜಕ್ಕೂ ಉಪಯೋಗ ಇದೆಯಾ, ಅಥವಾ ಬರೀ ಸಮಾಧಾನವಾ? ಇದನ್ನೂ ಅಳೆದು ನೋಡಿದ್ದಾರೆ. 2017ರ ಕಾಕ್ರೇನ್ ಪರಾಮರ್ಶೆ 17 ದೇಶಗಳ 26 ಪ್ರಯೋಗಗಳನ್ನು ಒಟ್ಟುಮಾಡಿತು. ನೋವಿನುದ್ದಕ್ಕೂ ಯಾರಾದರೂ ಬಿಡದೇ ಜೊತೆಗಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಕೊಂಚ ಕಡಿಮೆ. ಆ ಪ್ರಯೋಗಗಳಲ್ಲಿದ್ದ ಹೆಂಗಸರ ಸಂಖ್ಯೆ 15,858. ಹದಿನೈದು ಸಾವಿರಕ್ಕೂ ಹೆಚ್ಚು! ನರಸಮ್ಮನವರ ಲೆಕ್ಕವೂ ಅದೇ ತಾನೇ? ಕಾಕತಾಳೀಯ, ಗೊತ್ತು. ಆದರೂ ಮೈ ಜುಂ ಅಂದಿತು. ಜಗತ್ತಿನ ಸಂಶೋಧಕರೆಲ್ಲ ಸೇರಿ ಕಂಡ ಅಷ್ಟು ಹೆರಿಗೆಗಳನ್ನು ಪಾವಗಡದ ಒಬ್ಬ ಕೂಲಿ ಹೆಂಗಸು ಒಂದೇ ಬಾಳಿನಲ್ಲಿ ಕಂಡಿದ್ದರು.

ಸರ್ಕಾರಕ್ಕೂ ಇದು ಹೊಳೆಯದೇ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಮಯಕ್ಕೆ ಒಬ್ಬ ಹೆಣ್ಣು ಜೊತೆಗಾರ್ತಿಯನ್ನು ಬಿಡಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. 2018ರ ಡಿಸೆಂಬರ್‌ನಲ್ಲಿ, ಅಂದರೆ ನರಸಮ್ಮ ತೀರಿಕೊಂಡ ತಿಂಗಳಲ್ಲೇ, ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು ಹೆರಿಗೆ ತಜ್ಞೆಯರನ್ನಾಗಿ ಮಾಡುವ ಮಾರ್ಗಸೂಚಿಯನ್ನೂ ತಂದಿತು. ಕಾಗದದ ಮೇಲೆ ಸೂಲಗಿತ್ತಿ ವಾಪಸ್ ಬಂದಿದ್ದಾಳೆ, ಈ ಸಲ ಶುದ್ಧ ಕೈಗಳೊಂದಿಗೆ. ಪುಟ್ಟಿಯ ವಾರ್ಡಿಗೆ ಮಾತ್ರ ಇನ್ನೂ ಬಂದಿಲ್ಲ.

ಸೆಮಿನಾರ್ ಮುಗಿಯಿತು. ಮೊದಲ ಸ್ಲೈಡಿನಲ್ಲಿ ವ್ಯಾಖ್ಯೆ ಇಲ್ಲ, ಚಿತ್ರ ಇಲ್ಲ, ಒಂದೇ ಪ್ರಶ್ನೆ: "ನೋವಿನ ಹೊತ್ತಿನಲ್ಲಿ ಅವಳ ಜೊತೆ ಯಾರಿರುತ್ತಾರೆ?" ಯಾರೂ ನಿದ್ದೆ ಮಾಡಲಿಲ್ಲವಂತೆ. ಕೊನೆಯಲ್ಲಿ ಒಬ್ಬ ಮೇಡಂ, "ಇದೆಲ್ಲ ಸರಿಯಮ್ಮ, ಅಷ್ಟು ಸ್ಟಾಫ್ ಎಲ್ಲಿಂದ ತರೋಣ?" ಅಂತ ಕೇಳಿದರಂತೆ. ಇವಳು, "ಸ್ಟಾಫ್ ಬೇಡ ಮೇಡಂ. ಅವಳ ಅಮ್ಮ ಹೊರಗೆ ಬೆಂಚಿನ ಮೇಲೇ ಕೂತಿರ್ತಾರೆ" ಅಂದಳಂತೆ. ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಯಿತಂತೆ.

ನಿಮ್ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತೇ ಕೇಳಿ, ನಿಮ್ಮ ಅಪ್ಪನೋ ಅಮ್ಮನೋ ಹುಟ್ಟಿದಾಗ ಜೊತೆಗೆ ಯಾರಿದ್ದರು ಅಂತ. ನಾನು ಕೇಳಿದ್ದು ತಡವಾಯಿತು. ನಮ್ಮಪ್ಪನನ್ನು ಭೂಮಿಗೆ ತಂದ ಸೂಲಗಿತ್ತಿಯ ಹೆಸರು ಅಜ್ಜಿಗೆ ಈಗ ನೆನಪಿಲ್ಲ.