ಗಾಚಾ ಆಟದ ಚಾವಣಿ: ಆಟಗಾರರ ದೂರಿನಿಂದ ಹುಟ್ಟಿದ ನಿಯಮ

ನಮ್ಮ ಮನೆಗಳ ಮಕ್ಕಳು ಮೊಬೈಲಿನಲ್ಲಿ ಆಡುವ ಅನೇಕ ರೋಲ್ ಪ್ಲೇಯಿಂಗ್ ಆಟಗಳು ಉಚಿತವೆಂದೇ ಹೆಸರಾಗಿವೆ. ಆಟಕ್ಕೆ ಬೆಲೆಯಿಲ್ಲ, ನಿಜ. ಆದರೆ ಅದರೊಳಗಿನ ವೀರರೂ ಆಯುಧಗಳೂ ಚೀಟಿ ಎತ್ತಿದಂತೆ ಅದೃಷ್ಟವಶದಿಂದ ದೊರೆಯುತ್ತವೆ. ಆಟದೊಳಗೆ ಕೂಡಿಟ್ಟ ಚೀಟಿಗಳು ಮುಗಿದ ಮೇಲೆ ಹಣ ತೆರಬೇಕಾಗುತ್ತದೆ. ಇದಕ್ಕೆ ಗಾಚಾ ಪದ್ಧತಿಯೆಂದು ಹೆಸರು. ಇಂತಿಷ್ಟು ಬಾರಿ ಎತ್ತಿದರೆ ಬಹುಮಾನ ಖಚಿತ ಎಂಬ ಭರವಸೆಯನ್ನು ಇಂದು ಇಂಥ ಹಲವು ಆಟಗಳಲ್ಲಿ ಕಾಣುತ್ತೇವೆ. ಈ ಭರವಸೆಯ ಹಿಂದೆ ಆಟಗಾರರ ಅಸಮಾಧಾನದ ಇತಿಹಾಸವೊಂದಿದೆ.

ಗಾಚಾ ಎಂಬುದು ಜಪಾನಿನ ಅನುಕರಣ ಶಬ್ದ. ನಾಣ್ಯ ಹಾಕಿ ಹಿಡಿ ತಿರುಗಿಸಿದಾಗ ಯಂತ್ರ ಮಾಡುವ ಸದ್ದು ‘ಗಾಚಾ’. ಆಟಿಕೆ ತುಂಬಿದ ಗುಂಡು ಡಬ್ಬಿ ಕೆಳಗೆ ಬೀಳುವ ಸದ್ದು ‘ಪೊನ್’. ಅಮೆರಿಕದ ಮಾರಾಟ ಯಂತ್ರಗಳ ಮಾದರಿಯಲ್ಲಿ 1965ರಲ್ಲಿ ಜಪಾನಿಗೆ ಬಂದ ಈ ವ್ಯಾಪಾರಕ್ಕೆ 1977ರಲ್ಲಿ ಬಂಡಾಯ್ ಕಂಪನಿ ಕೈಹಾಕಿತು. 2010ರಲ್ಲಿ ಕೊನಾಮಿ ಕಂಪನಿಯ ‘ಡ್ರ್ಯಾಗನ್ ಕಲೆಕ್ಷನ್’ ಆಟದ ಯಶಸ್ಸಿನೊಡನೆ ಅದೇ ತಂತ್ರ ಮೊಬೈಲ್ ಆಟಗಳಲ್ಲಿ ಬೇರೂರಿತು.

ಆರಂಭದ ವರ್ಷಗಳಲ್ಲಿ ‘ಕಂಪ್ಲೀಟ್ ಗಾಚಾ’ ಎಂಬ ಕಠಿಣ ರೂಪವೊಂದು ಬಳಕೆಯಲ್ಲಿತ್ತು. ಅದೃಷ್ಟದಿಂದ ಬರುವ ಕೆಲವು ಚಿತ್ರಗಳನ್ನು ಒಂದೂ ಬಿಡದೆ ಕೂಡಿಸಿದವರಿಗೆ ಮಾತ್ರ ಅಪರೂಪದ ಬಹುಮಾನ ದೊರೆಯುತ್ತಿತ್ತು. ಮೊದಲ ಚಿತ್ರಗಳು ಸುಲಭವಾಗಿ ಬರುತ್ತಿದ್ದವು. ಕೊನೆಯದೊಂದು ಮಾತ್ರ ಕೈಗೆ ಸಿಗದೆ ಹಣ ಕರಗುತ್ತಿತ್ತು. ಇದು ಕಾನೂನುಬಾಹಿರವೆಂದು ಜಪಾನಿನ ಗ್ರಾಹಕ ವ್ಯವಹಾರಗಳ ಇಲಾಖೆ 2012ರ ಮೇ ತಿಂಗಳಲ್ಲಿ ಸಾರಿತು. ಆದರೆ ಆ ನಿಷೇಧ ಈ ಒಂದು ರೂಪಕ್ಕಷ್ಟೇ ಅನ್ವಯಿಸಿತು. ಸಾಮಾನ್ಯ ಗಾಚಾ ಹಾಗೆಯೇ ಉಳಿಯಿತು.

2014ರ ಮಾರ್ಚಿನಲ್ಲಿ ಸೈಗೇಮ್ಸ್ ಕಂಪನಿ ‘ಗ್ರಾನ್‌ಬ್ಲೂ ಫ್ಯಾಂಟಸಿ’ಯನ್ನು ಬಿಡುಗಡೆ ಮಾಡಿತು. ಆಕಾಶದಲ್ಲಿ ತೇಲುವ ದ್ವೀಪಗಳು, ಹಾರುವ ಹಡಗು, ‘ಫೈನಲ್ ಫ್ಯಾಂಟಸಿ’ ಖ್ಯಾತಿಯ ನೊಬುವೊ ಉಯೆಮತ್ಸು ಅವರ ಸಂಗೀತ, ಹಿದೆಯೊ ಮಿನಾಬಾ ಅವರ ಚಿತ್ರಕಲೆ: ಆಟಗಾರರು ಇವುಗಳನ್ನು ಮನಸಾರೆ ಮೆಚ್ಚಿದರು. ಆಟವನ್ನು ಪ್ರೀತಿಸಿದವರೇ ಅದರ ವಿರುದ್ಧ ತಿರುಗಿಬಿದ್ದದ್ದು 2015ರ ವರ್ಷಾಂತ್ಯದಲ್ಲಿ. ಬರಲಿದ್ದ ವಾನರ ವರ್ಷದ ನೆಪದಲ್ಲಿ ಆಂಚಿರಾ ಎಂಬ ಪಾತ್ರವನ್ನು ಕೆಲವೇ ದಿನಗಳ ಮಟ್ಟಿಗೆ ಗಾಚಾದಲ್ಲಿ ಇರಿಸಲಾಯಿತು. ಆಕೆ ದೊರೆಯುವ ಸಂಭವ ಹೆಚ್ಚಾಗಿದೆ ಎಂದು ಪ್ರಕಟಣೆ ಹೇಳುತ್ತಿತ್ತು. ಎಷ್ಟು ಎಂಬ ಅಂಕಿ ಮಾತ್ರ ಇರಲಿಲ್ಲ. ಆಟಗಾರನೊಬ್ಬ ಎಲ್ಲರೂ ನೋಡುವಂತೆ ನೇರಪ್ರಸಾರದಲ್ಲಿ 2,000ಕ್ಕೂ ಹೆಚ್ಚು ಬಾರಿ ಚೀಟಿ ಎತ್ತಿ, 6 ಲಕ್ಷ ಯೆನ್‌ಗೂ ಮಿಕ್ಕಿ ಹಣ ತೆತ್ತ ಬಳಿಕವೇ ಆಕೆಯನ್ನು ಪಡೆದನು.

ಆ ಪ್ರಸಾರ ಜನರ ಅನುಮಾನಕ್ಕೆ ಸಾಕ್ಷ್ಯವನ್ನು ಒದಗಿಸಿತು. ದೂರುಗಳ ಸುರಿಮಳೆಗೆ ಮಣಿದ ಕಂಪನಿ ಕ್ಷಮೆ ಕೋರಿ, 2016ರ ಮಾರ್ಚಿನಿಂದ ಎರಡು ಬದಲಾವಣೆಗಳನ್ನು ತಂದಿತು: ಪ್ರತಿಯೊಂದು ಪಾತ್ರ ದೊರೆಯುವ ಸಂಭವವನ್ನು ಪ್ರಕಟಿಸುವುದು, 300 ಬಾರಿ, ಎಂದರೆ 90,000 ಯೆನ್‌ನಷ್ಟು, ಚೀಟಿ ಎತ್ತಿದವರಿಗೆ ಬಯಸಿದ ಪಾತ್ರವನ್ನೇ ನೀಡುವುದು. ಈ ಮಿತಿಯನ್ನು ಜಪಾನಿನ ಆಟಗಾರರು ‘ತೆಂಜೋ’, ಅರ್ಥಾತ್ ಚಾವಣಿ, ಎನ್ನುತ್ತಾರೆ. ಅದು ಪಾಚಿಸ್ಲಾಟ್ ಜೂಜುಯಂತ್ರಗಳ ಲೋಕದಿಂದ ಬಂದ ಪದವೆಂಬುದು ಗಮನಾರ್ಹ.

ಚಾವಣಿಯ ಬಗೆಗೆ ಆಟಗಾರರಲ್ಲಿ ಒಮ್ಮತವಿಲ್ಲ. ಹಣ ತೆರದೆ ತಿಂಗಳುಗಟ್ಟಲೆ ಚೀಟಿ ಕೂಡಿಡುವವರಿಗೆ ಅದು ವರ. ತಾಳ್ಮೆಗೆ ಫಲ ಖಚಿತವಾಯಿತು. 90,000 ಯೆನ್‌ಗೆ ಅಂಗಡಿಯಲ್ಲಿ ಹತ್ತಾರು ಪೂರ್ಣ ಆಟಗಳು ಬರುತ್ತವಲ್ಲ ಎಂಬುದು ಇನ್ನು ಕೆಲವರ ಆಕ್ಷೇಪ. ಎರಡು ಮಾತುಗಳೂ ನಿಜವೆಂದೇ ನಮಗೆ ತೋರುತ್ತದೆ. ಚಾವಣಿಯಿಲ್ಲದಿದ್ದಾಗ ಆಗುವುದನ್ನು ಗಣಿತವೇ ಹೇಳುತ್ತದೆ. ಸಂಭವ ಶೇಕಡಾ 1 ಇರುವಲ್ಲಿ ನೂರು ಜನ ತಲಾ ನೂರು ಬಾರಿ ಎತ್ತಿದರೂ ಸುಮಾರು 37 ಮಂದಿ ಬರಿಗೈಯಲ್ಲಿ ಮರಳುತ್ತಾರೆ. ಆದರೆ ಚಾವಣಿ ಮಿತಿ ಹಾಕುವುದು ಒಂದು ಪಾತ್ರದ ಬೆಲೆಗೆ ಮಾತ್ರ. ಮುಂದಿನ ತಿಂಗಳು ಹೊಸ ಪಾತ್ರ ಬಂದಾಗ ಎಣಿಕೆ ಮತ್ತೆ ಸೊನ್ನೆಯಿಂದಲೇ ಮೊದಲಾಗುತ್ತದೆ.

ಸಂಭವವನ್ನು ಪ್ರಕಟಿಸುವ ಕ್ರಮವನ್ನು ಚೀನಾ 2017ರ ಮೇ ತಿಂಗಳಿಂದ ಕಡ್ಡಾಯಗೊಳಿಸಿತು; ಅದೇ ವರ್ಷಾಂತ್ಯಕ್ಕೆ ಆಪಲ್ ಕಂಪನಿಯೂ ತನ್ನ ಆಪ್ ಸ್ಟೋರ್‌ಗೆ ಅದನ್ನು ಅನ್ವಯಿಸಿತು. 2020ರ ಸೆಪ್ಟೆಂಬರಿನಲ್ಲಿ ಬಂದ ಚೀನಾದ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟ ಶೇಕಡಾ 0.6 ಎಂಬ ಸಂಭವವನ್ನೂ 90 ಚೀಟಿಗಳ ಚಾವಣಿಯನ್ನೂ ಘೋಷಿಸಿದೆ. ಆದರೆ 90ನೆಯ ಚೀಟಿಗೆ ಖಚಿತವಾಗುವುದು ಉನ್ನತ ದರ್ಜೆಯ ಯಾವುದೋ ಒಂದು ಪಾತ್ರ. ಬಯಸಿದ ಪಾತ್ರವೇ ಬೇಕೆಂದರೆ 180 ಚೀಟಿಗಳವರೆಗೂ ಬೇಕಾಗಬಹುದು. ಈ ಬಗೆಯ ಸಂಕೀರ್ಣತೆಯಿಂದ ಮಕ್ಕಳ ದಾರಿತಪ್ಪಿಸಲಾಗಿದೆ ಎಂಬ ಆರೋಪದ ಮೇಲೆ, ನಾವು ನೆಲೆಸಿರುವ ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಅದರ ಪ್ರಕಾಶಕರೊಡನೆ ಒಪ್ಪಂದಕ್ಕೆ ಬಂದಿತು. 2 ಕೋಟಿ ಡಾಲರ್ ದಂಡದ ಜೊತೆಗೆ, 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಇಂಥ ಅದೃಷ್ಟದ ಚೀಟಿಗಳನ್ನು ಮಾರಕೂಡದೆಂಬ ಷರತ್ತೂ ಅದರಲ್ಲಿದೆ.

ಆ ಒಪ್ಪಿಗೆ ಕೊಡುವವರು ನಾವೇ ಆದ್ದರಿಂದ ಈ ಇತಿಹಾಸ ನಮಗೆ ಬೇಕು. ಸಂಭವ ಎಷ್ಟು, ಚಾವಣಿ ಎಲ್ಲಿದೆ, ಅಲ್ಲಿಗೆ ತಲುಪಲು ಎಷ್ಟು ಡಾಲರ್ ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳ ಮುಂದಿಡೋಣ. ಬಹುತೇಕ ಮಕ್ಕಳಿಗೆ ಉತ್ತರ ಬಾಯಿಪಾಠವಾಗಿರುತ್ತದೆ. ಅದನ್ನು ಹಣದ ಲೆಕ್ಕಕ್ಕೆ ತಿರುಗಿಸುವ ಕೆಲಸವನ್ನು ಅವರೊಡನೆ ಕುಳಿತು ಮಾಡಬೇಕು. ಆಟದ ಚಾವಣಿಯನ್ನು ಕಂಪನಿ ನಿಗದಿಪಡಿಸುತ್ತದೆ. ಮನೆಯ ಖರ್ಚಿನ ಚಾವಣಿಯನ್ನು ನಿಗದಿಪಡಿಸಬೇಕಾದವರು ಮನೆಯವರು.