ಬೋರಿಕ್ ಆಮ್ಲ: ಮುಂಬಯಿಯ ಪ್ರಯೋಗಶಾಲೆಗಳಲ್ಲಿ

ಬೋರಿಕ್ ಆಮ್ಲವು ಬೋರಾನ್, ಆಮ್ಲಜನಕ ಮತ್ತು ಜಲಜನಕಗಳಿಂದಾದ ದುರ್ಬಲ ಆಮ್ಲ. ಬಿಳಿಯ ಹರಳುಗಳ ರೂಪದಲ್ಲಿದ್ದು, ಮುಟ್ಟಿದರೆ ನುಣುಪಾಗಿ ಜಾರುತ್ತದೆ. 1702ರಲ್ಲಿ ವಿಲ್ಹೆಲ್ಮ್ ಹೊಂಬರ್ಗ್ ಇದನ್ನು ಬಿಳಿಗಾರದಿಂದ ತಯಾರಿಸಿದ. ಜನರಿಗೆ ಇದು ಕೇರಂ ಬೋರ್ಡಿನ ಪುಡಿಯಾಗಿ, ಜಿರಲೆ ಮದ್ದಾಗಿ ಗೊತ್ತು. ಮುಂಬಯಿಯ ಸಂಶೋಧನೆಯಲ್ಲಿ ಇದಕ್ಕೆ ದೊಡ್ಡ ಸ್ಥಾನ ದೊರೆತದ್ದು ಟ್ರಾಂಬೆಯ ಪರಮಾಣು ಕಾರ್ಯಕ್ರಮದಿಂದ.

ತಯಾರಿಕೆ ಮತ್ತು ಶುದ್ಧೀಕರಣ
ಲಡಾಖಿನ ಪೂಗಾ ಕಣಿವೆಯಲ್ಲಿ ಬಿಳಿಗಾರ ಸಿಗುತ್ತದಾದರೂ ಕೈಗಾರಿಕೆಗೆ ಬೇಕಾದ ಬೋರಾನ್ ಖನಿಜವನ್ನು ಹೊರದೇಶಗಳಿಂದ ತರಿಸಲಾಗುತ್ತದೆ. ಅದರ ಮೇಲೆ ಗಂಧಕಾಮ್ಲ ವರ್ತಿಸಿದಾಗ ಬೋರಿಕ್ ಆಮ್ಲ ದೊರೆಯುತ್ತದೆ. ಮುಂಬಯಿಗೆ ಸಮೀಪದ ಅಂಬರನಾಥದಲ್ಲಿ ಗಂಧಕಾಮ್ಲ ತಯಾರಿಸಿದ ಧರಂಸಿ ಮೊರಾರ್ಜಿ ಕಂಪನಿ (1919) ಮುಂದೆ ಬೋರಾನ್ ರಾಸಾಯನಿಕಗಳಿಗೂ ಹೆಸರಾಯಿತು. 100 ಮಿಲಿಲೀಟರ್ ನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5 ಗ್ರಾಂ ಕರಗುವ ಈ ಆಮ್ಲ ಕುದಿನೀರಿನಲ್ಲಿ 25 ಗ್ರಾಂಗೂ ಹೆಚ್ಚು ಕರಗುತ್ತದೆ. ಆದ್ದರಿಂದ ಬಿಸಿ ದ್ರಾವಣವನ್ನು ಸೋಸಿ ತಣಿಸಿದರೆ ಶುದ್ಧ ಹರಳು ಸುಲಭವಾಗಿ ಸಿಗುತ್ತದೆ.

ಗುರುತಿಸುವ ವಿಧಾನಗಳು
ಕಾಲೇಜಿನ ಲವಣ ವಿಶ್ಲೇಷಣೆಯಲ್ಲಿ ಬೋರಿಕ್ ಆಮ್ಲದ ಲವಣವಾದ ಬೋರೇಟಿಗೆ ಪ್ರಬಲ ಗಂಧಕಾಮ್ಲ ಮತ್ತು ಆಲ್ಕೊಹಾಲ್ ಸೇರಿಸಿ ಹೊತ್ತಿಸಿದರೆ ಜ್ವಾಲೆಯ ಅಂಚು ಹಸಿರಾಗುತ್ತದೆ. ಪ್ರಮಾಣ ಅಳೆಯುವುದು ಇಷ್ಟು ಸರಳವಲ್ಲ. ಆಮ್ಲ ತೀರಾ ದುರ್ಬಲವಾದ್ದರಿಂದ ನೇರ ಟೈಟ್ರೇಷನ್ ನಿಖರವಾಗುವುದಿಲ್ಲ. ಮ್ಯಾನಿಟಾಲ್ ಬೆರೆಸಿದಾಗ ಅದು ಹೆಚ್ಚು ಪ್ರಬಲವಾದ ಸಂಕೀರ್ಣವಾಗಿ, ಫಿನಾಲ್ಫ್‌ಥಲೀನ್ ಸೂಚಕದೊಡನೆ ಕಾಸ್ಟಿಕ್ ಸೋಡಾದಿಂದ ಅಳೆಯಲು ಬರುತ್ತದೆ.

ಟ್ರಾಂಬೆಯಲ್ಲಿ
ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆ 1954ರಲ್ಲಿ ಆರಂಭವಾಯಿತು. 1967ರಲ್ಲಿ ಅದಕ್ಕೆ ಭಾಭಾ ಪರಮಾಣು ಸಂಶೋಧನಾ ಕೇಂದ್ರವೆಂದು ಹೆಸರಾಯಿತು. 1956ರ ಆಗಸ್ಟ್ 4ರಂದು ಅಲ್ಲಿ ಅಪ್ಸರಾ ರಿಯಾಕ್ಟರು ಚಾಲನೆಗೊಂಡಿತು. ಅದರ ತಂಡದಲ್ಲಿ ಕನ್ನಡಿಗ ವಿಜ್ಞಾನಿ ರಾಜಾ ರಾಮಣ್ಣ ಇದ್ದರು.

ಪ್ರಕೃತಿಯ ಬೋರಾನಿನಲ್ಲಿ ಐದನೇ ಒಂದು ಪಾಲು ಬೋರಾನ್-10. ಇದು ನ್ಯೂಟ್ರಾನನ್ನು ಹೀರಿ ಲೀಥಿಯಂ ಮತ್ತು ಹೀಲಿಯಂ ಆಗಿ ಒಡೆಯುತ್ತದೆ. ಸರಪಳಿ ಕ್ರಿಯೆಗೆ ನ್ಯೂಟ್ರಾನುಗಳೇ ಬೇಕಾದ್ದರಿಂದ ಇಂಧನದಲ್ಲಿ ಇದರ ಸುಳಿವೂ ಇರಕೂಡದು: ಪರಮಾಣು ದರ್ಜೆಯ ಯುರೇನಿಯಂನಲ್ಲಿ ಬೋರಾನ್ ಹತ್ತು ಲಕ್ಷಕ್ಕೆ ಒಂದು ಭಾಗದಷ್ಟೂ ಇರಬಾರದು. 1959ರಿಂದ ಟ್ರಾಂಬೆಯಲ್ಲಿ ಯುರೇನಿಯಂ ಲೋಹ ತಯಾರಾಗತೊಡಗಿದಾಗ ಈ ಅಳತೆ ದಿನನಿತ್ಯದ ಅಗತ್ಯವಾಯಿತು. ಅಲ್ಲಿ ಬಳಕೆಗೆ ಬಂದ ವಿಧಾನಗಳಲ್ಲೊಂದು ಅರಿಸಿನದ ಬಣ್ಣವಾದ ಕರ್ಕ್ಯುಮಿನ್ ಆಧರಿಸಿದ್ದು. ಮಾದರಿಯಿಂದ ಬೇರ್ಪಡಿಸಿದ ಬೋರಾನ್ ಆಮ್ಲೀಯ ಮಾಧ್ಯಮದಲ್ಲಿ ಕರ್ಕ್ಯುಮಿನ್ ಜೊತೆ ಗಾಢ ಕೆಂಪು ಸಂಯುಕ್ತವಾಗುತ್ತದೆ. ಆ ಕೆಂಪಿನ ತೀವ್ರತೆಯನ್ನು ಬೆಳಕಿನ ಉಪಕರಣದಲ್ಲಿ ಅಳೆದರೆ ಬೋರಾನಿನ ಪ್ರಮಾಣ ತಿಳಿಯುತ್ತದೆ. ಪ್ರಮಾಣಿತ ದ್ರಾವಣಗಳನ್ನು ಶುದ್ಧ ಬೋರಿಕ್ ಆಮ್ಲದಿಂದಲೇ ಮಾಡಿಕೊಳ್ಳಬಹುದು. ಗಾಜಿನ ಬೋರಾನ್ ಲೆಕ್ಕ ಕೆಡಿಸುವುದರಿಂದ ಇಂಥ ಕೆಲಸಕ್ಕೆ ಬೋರೊಸಿಲಿಕೇಟ್ ಪಾತ್ರೆ ಸಲ್ಲದು. ಸಿಲಿಕಾ, ಪ್ಲಾಟಿನಂ ಅಥವಾ ಪ್ಲಾಸ್ಟಿಕ್ ಪಾತ್ರೆ ಬೇಕು.

ಇಂಧನದಲ್ಲಿ ದೋಷವಾದ ಗುಣವೇ ನಿಯಂತ್ರಣದಲ್ಲಿ ವರವಾಯಿತು. ಭಾರಜಲದ ರಿಯಾಕ್ಟರುಗಳಲ್ಲಿ ಬೋರಾನನ್ನು ಭಾರಜಲಕ್ಕೆ ಬೆರೆಸಿ ಸರಪಳಿ ಕ್ರಿಯೆಯನ್ನು ತಗ್ಗಿಸಿ, ಬೇಡವಾದಾಗ ಅಯಾನು ವಿನಿಮಯ ರಾಳದಿಂದ ಹೊರತೆಗೆಯುತ್ತಾರೆ. ಕೂಡಂಕುಳಂ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಬೋರಿಕ್ ಆಮ್ಲವನ್ನೇ ತಣಿಸುವ ನೀರಿಗೆ ಸೇರಿಸಲಾಗುತ್ತದೆ.

ಇತರ ಬಳಕೆಗಳು
ಜೆಲ್ದಾಲ್ ವಿಧಾನದಲ್ಲಿ ಆಹಾರದ ಪ್ರೋಟೀನ್ ಅಳೆಯುವಾಗ ಹೊಮ್ಮುವ ಅಮೋನಿಯಾವನ್ನು ಬೋರಿಕ್ ಆಮ್ಲ ಹಿಡಿದಿಡುತ್ತದೆ. ಇದನ್ನು 1913ರಲ್ಲಿ ವಿಂಕ್ಲರ್ ಸೂಚಿಸಿದ. ಜೀವವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸುವ ಟ್ರಿಸ್-ಬೋರೇಟ್ ಬಫರಿಗೂ ಇದು ಬೇಕು. ಸಂತಾನಶಕ್ತಿಗೆ ಹಾನಿಕರ ರಾಸಾಯನಿಕಗಳ ಯುರೋಪಿನ ಪಟ್ಟಿಯಲ್ಲಿ ಇದು ಸೇರಿರುವುದರಿಂದ, ಪುಡಿ ಉಸಿರಿಗೆ ಹೋಗದಂತೆ, ಕೈಗವಸು ತೊಟ್ಟು ಬಳಸುವುದು ಅಗತ್ಯ.